ಕೆಳಗಿನ ಕೊಳವೆ

ಆರು ಜನ ಶವಪೆಟ್ಟಿಗೆಯನ್ನು ಚರ್ಚಿನಿಂದ ಹೊರಗೆ ತರುತ್ತಿದ್ದಾಗ ನೆರೆಮನೆಯ ಮುದುಕ ಐನರ್‌ನ ಕಾಲು ಹಿಮದಲ್ಲಿ ಜಾರಿತು. ಪೆಟ್ಟಿಗೆ ಕೊಂಚ ವಾಲಿತು, ಸದ್ಯ ಬೀಳಲಿಲ್ಲ. ಪೆಟ್ಟಿಗೆಯೊಳಗಿದ್ದ ಆಸ್ಗರ್ ಬದುಕಿದ್ದರೆ ಮೊದಲು ಐನರ್‌ನ ಬೂಟಿನ ತಳ ತಿರುಗಿಸಿ ನೋಡಿ ಬೈಯುತ್ತಿದ್ದ ಎಂದುಕೊಂಡಳು ಅವನ ಹೆಂಡತಿ ತೋವೆ. ಅಳಬೇಕಾದ ಹೊತ್ತಿನಲ್ಲಿ ಹಾಳು ನಗು ಬಂತು.

ಮಣ್ಣು ಮಾಡಿದ ಮೇಲೆ ಸಭಾಭವನದಲ್ಲಿ ಕಾಫಿ, ಬೆಣ್ಣೆ ಹಚ್ಚಿದ ಬನ್ನು. ಊರಿಗೆಲ್ಲ ಕೊಳವೆಯಲ್ಲಿ ಬಿಸಿನೀರು ಕಳಿಸುವ ಸ್ಥಾವರದಲ್ಲಿ ಆಸ್ಗರ್ ಮೂವತ್ತು ವರ್ಷ ದುಡಿದಿದ್ದ. ಮನೆಮನೆಗೆ ಹೋಗಿ, ಕೋಣೆ ಕಾಯಿಸುವ ರೇಡಿಯೇಟರಿನ ಕೆಳಗಿನ ಕೊಳವೆಗೆ ಅಂಗೈ ಒತ್ತಿ ನೋಡುತ್ತಿದ್ದ. ವಾಪಸು ಹೋಗುವ ನೀರು ಇನ್ನೂ ಬಿಸಿಯಿದ್ದರೆ, ಕೋಣೆಗೆ ಸೇರಬೇಕಾದ ಬಿಸಿ ಪೋಲಾಯಿತೆಂದು ಮುಖ ಗಂಟಿಕ್ಕುತ್ತಿದ್ದ. ಎಲ್ಲರೂ ಎಲ್ಲ ರೇಡಿಯೇಟರುಗಳನ್ನೂ ತುಸು ತುಸು ತೆರೆದಿಟ್ಟರೆ ಸ್ಥಾವರದ ನೀರಿಗೆ ಎಂಬತ್ತು ಡಿಗ್ರಿ ಬೇಡ, ಐವತ್ತೈದೇ ಸಾಕು ಎಂಬುದು ಅವನ ಹಟ.

"ಮೂರು ಸಲ ಕೊಳವೆ ಮುಟ್ದ, ಒಂಬತ್ತು ಕಪ್ ಕಾಫಿ ಕುಡ್ದ," ಎಂದ ಐನರ್. "ಕಾಫಿಪುಡಿ ಉಳೀಲಿ ಅಂತ ಎಲ್ಲಾ ತೆರೆದಿಟ್ಟೆ."

ಎಲ್ಲರೂ ನಕ್ಕರು. ತೋವೆ ಬನ್ನು ಮುರಿಯುತ್ತ ಕೂತಳು. ಪಕ್ಕಕ್ಕೆ ಬಂದ ಲೋನೆಯನ್ನು, ಸ್ಥಾವರದ ಈಗಿನ ಮುಖ್ಯಸ್ಥೆಯನ್ನು, ನೀರಿನ ಬಿಸಿ ಇಳಿಸುವ ಕೆಲಸ ಎಲ್ಲಿಗೆ ಬಂತೆಂದು ಕೇಳಿದಳು.

"ನಿಮ್ಮ ಬೀದಿ ಒಂದೇ ಬಾಕಿ. ಅಲ್ಲೊಂದು ಮನೇಲಿ ಒಂದೇ ರೇಡಿಯೇಟರ್ ಪೂರ್ತಿ ತೆರೆದಿದೆ, ಮಿಕ್ಕಿದ್ದೆಲ್ಲ ಬಂದ್. ಈಗ ಬಿಸಿ ಇಳಿಸಿದ್ರೆ ಅವರು ನಡುಗ್ತಾರೆ. ಬಲವಂತ ಬೇಡ, ಕಾಯ್ರಿ ಅಂದಿದ್ರು ಆಸ್ಗರ್."

"ಯಾರ ಮನೆ ಅಂತ ಹೇಳ್ಲಿಲ್ವಾ?"

"ಹೇಳ್ಲಿಲ್ಲ." ಲೋನೆ ಕಪ್ಪನ್ನೇ ನೋಡುತ್ತಿದ್ದಳು. "ಮೀಟರು ಹೇಳತ್ತೆ."

* * *

ನಮ್ಮನೆಯಲ್ಲೂ ಎಲ್ಲ ರೇಡಿಯೇಟರು ತೆರೆಯೋಣವೇ ಎಂದು ಹೋದ ಚಳಿಗಾಲದಲ್ಲಿ ಆಸ್ಗರ್ ಒಂದೇ ಸಲ ಕೇಳಿದ್ದ. ಒಂದು ಕೋಣೆ ಬೆಚ್ಚಗಿಟ್ಟು ಉಳಿದವಕ್ಕೆ ಬಾಗಿಲು ಹಾಕುವುದು ತೋವೆಗೆ ಅವಳ ತಾಯಿಯಿಂದ ಬಂದ ಅಭ್ಯಾಸ.

"ಯಾರೂ ಇಲ್ಲದ ಕೋಣೆ ಕಾಯ್ಸೋಕೆ ನಂಗೇನು ಹುಚ್ಚಾ? ನಿನ್ನ ಪಾಠ ಊರೋರಿಗೆ ಇಟ್ಕೋ."

ಅವನು ಸ್ವೆಟರ್ ಹಾಕಿಕೊಂಡು ಅವಳ ಪಕ್ಕ ಬಂದು ಕೂತಿದ್ದ. ತಾನೇ ಗೆದ್ದೆ ಎಂದುಕೊಂಡಿದ್ದಳು ಅವಳು.

* * *

ಮನೆಗೆ ಬಂದವಳು ಕೋಟು ಬಿಚ್ಚಲಿಲ್ಲ. ಸಾವಿಗೆಂದು ಅರ್ಧಕ್ಕೆ ಇಳಿಸಿದ್ದ ಅಂಗಳದ ಬಾವುಟವನ್ನು, ಮಣ್ಣಾದ ಮೇಲಿನ ರೂಢಿಯಂತೆ, ತುದಿಗೆ ಏರಿಸಿ ಒಳಗೆ ಹೋದಳು. ಮುಚ್ಚಿದ್ದ ಕೋಣೆಗಳ ಬಾಗಿಲು ಒಂದೊಂದಾಗಿ ತೆರೆದು, ರೇಡಿಯೇಟರುಗಳ ತಿರುಪನ್ನು ಎರಡರ ಅಂಕಿಗೆ ತಿರುಗಿಸಿದಳು. ಕೊನೆಯದು ಬಿಗಿದುಕೊಂಡಿತ್ತು. ಅವನ ಇಕ್ಕಳವನ್ನೇ ತಂದು ತಿರುವಿದಳು. ಪಡಸಾಲೆಯದನ್ನು ಐದರಿಂದ ಎರಡಕ್ಕೆ ಇಳಿಸಿದಳು.

ಸಂಜೆಗೆ ಮನೆಯೆಲ್ಲ ಹದವಾಗಿ ಬೆಚ್ಚಗಾಯಿತು. ತೋವೆ ಮಂಡಿಯೂರಿ ಕೆಳಗಿನ ಕೊಳವೆಗೆ ಅಂಗೈ ಒತ್ತಿದಳು. ತಣ್ಣಗಿತ್ತು, ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ಹಾಕುವ ಮುನ್ನ ಹಿಡಿದಿದ್ದ ಅವನ ಕೈಯಷ್ಟೇ ತಣ್ಣಗೆ. ಕತ್ತಲಾದರೂ ಅವಳು ಅದನ್ನು ಬಿಡಲಿಲ್ಲ.