ಬಾಗಿಲಜ್ಜಿಯ ಹೆಸರಿನಲ್ಲಿ ಬಂದದ್ದು

"ಏಯ್ ಉದ್ದ, ಗುದ್ದಲಿ ಊರಿ ನಿಂತ್ಕೊಂಡ್ರೆ ಕೆಸರು ತಾನಾಗೇ ಎದ್ದು ನಡ್ಕೊಂಡು ಹೋಗುತ್ತೇನೋ? ಉಣ್ಣೋಕೆ ಮಾತ್ರ ಎಲ್ಲರಿಗಿಂತ ಮುಂದೆ, ದುಡಿಯೋಕೆ ಬೆನ್ನು ನೋವು. ನಾಚಿಕೆ ಆಗಲ್ವೇನೋ ಬೋಳಿಮಗನೆ?"

ಬೀದಿಯಿಂದ ಕೂಗಿದವನು ನೆರವಿನ ಬಳಗದ ಕಾರ್ಯದರ್ಶಿ. ಎತ್ತರದ ಆಳಾದ್ದರಿಂದ ಎಲ್ಲರ ಬಾಯಲ್ಲೂ ಉದ್ದ ಎನಿಸಿಕೊಂಡವನು ಬೆನ್ನು ನೆಟ್ಟಗೆ ಮಾಡಲಿಲ್ಲ. ಬಟ್ಟೆ ಅಂಗಡಿಯ ಒಳಗೆ ಸೊಂಟದ ಮಟ್ಟ ನಿಂತಿದ್ದ ಕೆಸರಿನಲ್ಲಿ ಗುದ್ದಲಿ ಯಾವುದಕ್ಕೋ ತಗುಲಿ ನಿಂತಿತ್ತು. ಕೈ ಹಾಕಿ ಎಳೆದ. ಒಂದು ಕಾಲು ಬಂತು.

"ನಾಯಿ ಸಾರ್. ಸತ್ತಿದೆ."

"ಸತ್ತಿದ್ರೆ ಎತ್ತು, ಬದುಕಿದ್ರೆ ಓಡಿಸು. ಅದನ್ನೂ ನಾನೇ ಹೇಳಿಕೊಡಬೇಕಾ?"

ಮಹಡಿಯ ಮೇಲೆ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದ ಅಂಗಡಿಯವನ ಮನೆಮಂದಿ ನಕ್ಕರು. ಉದ್ದ ನಾಯಿಯನ್ನು ಎದೆಗವಚಿಕೊಂಡು ಹೊರಗೆ ಬಂದ. ಅವನ ಮೈಮೇಲೆ ಯಾರೋ ದಾನ ಕೊಟ್ಟಿದ್ದ ಮದುವೆ ಕೋಟಿತ್ತು. ಎದೆಯ ಮೇಲಿನ ಜರಿಯ ಹೂವಿಗೂ ನಾಯಿಯ ಬಾಯಿಗೂ ಒಂದೇ ಕೆಸರು ಮೆತ್ತಿತ್ತು.

ಹೊಳೆ ಊರಿಗೆ ನುಗ್ಗಿ ಇಳಿದು ಹೋದ ಮೇಲೆ ಹೀಗೇ ನಡೆದಿತ್ತು. ಊರಿನ ಚರಂಡಿ ಬಳಿಯುವವರೆಲ್ಲ ಹಳ್ಳದ ಪಕ್ಕದ ಸಾಲುಮನೆಗಳಲ್ಲಿದ್ದರು, ಊರವರ ಬಾಯಲ್ಲಿ ಅದು ಬರೀ ಸಾಲು. ನೀರು ಮೊದಲು ನುಗ್ಗಿದ್ದು ಅಲ್ಲಿಗೆ. ಗೋಡೆ, ಚಾವಣಿ, ಮಡಕೆ, ಪೊರಕೆ, ಒಂದೂ ಉಳಿಯಲಿಲ್ಲ. ದಿಬ್ಬದ ಮೇಲಿನ ಶಾಲೆಯಲ್ಲಿ ಊರಿನ ನಾಲ್ಕು ಜನ ಸೇರಿ ಕಟ್ಟಿದ ನೆರವಿನ ಬಳಗ ಎಲ್ಲರಿಗೂ ಜಾಗ ಕೊಟ್ಟಿತು. ದೊಡ್ಡ ಬೀದಿಯ ಸಂಸಾರಗಳಿಗೆ ಕೋಣೆ. ಸಾಲಿನವರಿಗೆ ಜಗಲಿ. "ನಿಮಗೆ ಬಯಲಲ್ಲಿದ್ದು ರೂಢಿ, ಒಳಗೆ ಉಸಿರು ಕಟ್ಟುತ್ತೆ," ಎಂದಿದ್ದ ಕಾರ್ಯದರ್ಶಿ. ಅವನಿಗೆ ಪಾತ್ರೆ ಅಂಗಡಿಯಿತ್ತು. ನೀರು ಬಂದ ದಿನದಿಂದ ಅದರ ಬಾಗಿಲನ್ನೂ ತೆಗೆಯದೆ, ನೆಟ್ಟಗೆ ನಿದ್ದೆಯನ್ನೂ ಮಾಡದೆ ಓಡಾಡುತ್ತಿದ್ದ. ಕೂಗಿ ಕೂಗಿ ಗಂಟಲು ಹರಿದ ತಗಡಿನಂತಾಗಿತ್ತು. ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗಂಜಿ ಎರಡು ಹೊತ್ತು ಸಿಗುತ್ತಿತ್ತು. ಕೋಣೆಯವರಿಗೆ ಒಳಗೇ ಹೋಗುತ್ತಿತ್ತು. ಜಗಲಿಯವರು ಸರದಿ ನಿಲ್ಲಬೇಕಿತ್ತು, ಹಂಡೆಯ ಹಿಂದೆ ನಿಂತವನು ಮೊದಲು ಕೈ ನೋಡುತ್ತಿದ್ದ. ಕೈಗೆ ಕೆಸರು ಮೆತ್ತಿದ್ದರೆ ಸೌಟು ಏಳುತ್ತಿತ್ತು. ಇಲ್ಲದಿದ್ದರೆ, "ಇವತ್ತು ಯಾವ ಬೀದಿ ಬಳಿದೆ ತಾಯಿ?" ಎನ್ನುತ್ತಿದ್ದ. ಹಾಗಾಗಿ ಕೂಸು ಹಿಡಿದ ಬಾಣಂತಿಯೂ ಸರದಿಗೆ ನಿಲ್ಲುವ ಮೊದಲು ಮೆಟ್ಟಿಲ ಕೆಳಗಿನ ಕೊಚ್ಚೆಯಲ್ಲಿ ಅಂಗೈ ಅದ್ದಿಕೊಂಡು ಬರುತ್ತಿದ್ದಳು.

ಇಷ್ಟಾದರೂ ದಾನವೆಲ್ಲ ಬರುತ್ತಿದ್ದದ್ದು ಸಾಲಿನ ಹೆಸರಿನಲ್ಲೇ. ಅದಕ್ಕೆ ಕಾರಣ ಉದ್ದನ ತಾಯಿ.

ನೀರು ಏರಿದಾಗ ಮುದುಕಿ ತೇಲಿ ಬಂದ ಒಂದು ಬಾಗಿಲ ಮೇಲೆ ಹತ್ತಿ ಕೂತಿದ್ದಳು. ಚಕ್ಕಳಮಕ್ಕಳ ಹಾಕಿಕೊಂಡು, ಮಡಿಲಲ್ಲಿ ಯಾರದೋ ಕೋಳಿ ಇಟ್ಟುಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವಳ ಹಾಗೆ. ಯಾರೋ ಮಹಡಿಯಿಂದ ಫೋನಿನಲ್ಲಿ ಅದನ್ನು ಹಿಡಿದರು. ಆ ಪಟ ಎಲ್ಲೆಲ್ಲಿಗೋ ಹೋಯಿತು. ಬಾಗಿಲಜ್ಜಿ ಎಂದು ಹೆಸರಾಯಿತು. ಎಲ್ಲಿಂದಲೋ ಲಾರಿಗಳು ಬಂದವು, ಮೂತಿಗೆ ಅವಳ ಪಟ ಕಟ್ಟಿಕೊಂಡು. ಕಂಬಳಿ, ಟಾರ್ಪಾಲು, ಹಾಲಿನ ಪುಡಿ, ಔಷಧಿಯ ಪೆಟ್ಟಿಗೆ. ಎಲ್ಲವೂ ಹೆಡ್‌ಮಾಸ್ತರರ ಕೋಣೆ ಸೇರಿದವು. ಬೀಗದಕೈ ಕಾರ್ಯದರ್ಶಿಯ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ಹೊರಗೆ ಬಂದದ್ದು ಹಳೆ ಬಟ್ಟೆಯ ಮೂಟೆಗಳು ಮಾತ್ರ: ಮದುವೆ ಕೋಟು, ಮಿಂಚುವ ಲಂಗ, ಒಂಟಿ ಬೂಟು. ಸಾಲಿನ ಗಂಡಸರು ಅವನ್ನೇ ತೊಟ್ಟು ದಿಬ್ಬಣದವರ ಹಾಗೆ ಕೆಸರೆತ್ತಲು ಹೋಗುತ್ತಿದ್ದರು.

ಬಾಗಿಲಜ್ಜಿ ಎಂಬ ಹೆಸರನ್ನು ಸಹಿಸದವಳು ಒಬ್ಬಳಿದ್ದಳು. ಪಕ್ಕದ ಮನೆಯ ಮುದುಕಿ, ತಕರಾರಜ್ಜಿ. ನಲ್ಲಿ ನೀರಿನ ಸರದಿಯ ಜಗಳದಿಂದ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಅವಳಿಗೆ ಹೊಸ ಕಾರಣ ಸಿಕ್ಕಿತ್ತು.

"ಆ ಬಾಗಿಲು ನಂದು," ಎಂದು ಜಗಲಿಯ ಕಂಬಕ್ಕೆಲ್ಲ ಕೇಳುವಂತೆ ಹೇಳುತ್ತಿದ್ದಳು. "ನನ್ನ ಗಂಡ ಬೆವರು ಸುರಿಸಿ ಹಾಕ್ಸಿದ್ದು. ಬಾಗಿಲು ನಂದು, ಹೆಸರು ಆ ಮುಂಡೇದು. ಕೋಳಿನೂ ನಂದೇ ಇರಬೇಕು, ಸರಿಯಾಗಿ ನೋಡಿ."

ಬಾಗಿಲಜ್ಜಿ ಗೋಡೆಯ ಕಡೆ ಮುದುಡಿ ಮಲಗಿದ್ದಳು. ಅವಳಿಗೆ ಜ್ವರ ಬಂದಿತ್ತು. ನೆನೆದ ಸೀರೆ ಮೈಮೇಲೇ ಒಣಗಿತ್ತು, ಜಗಲಿಗೆ ಮೂರು ಕಡೆಯಿಂದ ಗಾಳಿ. ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಟಕಟ ಎನ್ನತೊಡಗಿತು. ಸೊಸೆ, ಉದ್ದನ ಹೆಂಡತಿ, ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೋದಳು. ಅವನು ಅಂಗಳದಲ್ಲಿ ವೇದಿಕೆಯ ಗಳ ಕಟ್ಟಿಸುತ್ತಿದ್ದ.

"ಸಾರ್, ಅತ್ತೆಗೆ ಮೈ ಕೆಂಡ ಆಗಿದೆ. ಒಂದು ಕಂಬಳಿ ಕೊಡಿ. ಒಂದು ಗುಳಿಗೆ."

"ನಾಳೆ ಕಣಮ್ಮ. ನಾಳೆ ದಾನಿಗಳೇ ಬರ್ತಿದಾರೆ. ಅವರ ಕೈಯಿಂದಲೇ ಕೊಡ್ಸೋದು. ಮೊದಲ ಕಂಬಳಿ ನಿಮ್ಮತ್ತೆಗೇ."

"ಒಂದೇ ಒಂದು ಸಾರ್. ಯಾರಿಗೂ ಹೇಳಲ್ಲ."

"ಒಂದು ತೆಗೆದ್ರೆ ನೂರು ಕೈ ಬರುತ್ತೆ. ನಾಳೆ ಅವರು ಬಂದು ನೋಡಿದಾಗ ಕೋಣೆ ಖಾಲಿ ಇದ್ರೆ ಏನಂತಾರೆ? ತಿಂದ ಅಂತಾರೆ. ಹೋದ ಸಲ ಬೆಂಕಿ ಬಿದ್ದಾಗ ಬಂದಿದ್ದನ್ನೆಲ್ಲ ಅವತ್ತೇ ಹಂಚಿದ್ದೆ, ಒಂದು ಫೋಟೋ ತೆಗೀಲಿಲ್ಲ. ನಾನು ಕಳ್ಳ ಆದೆ. ನನ್ನ ಹೆಂಡತಿ ಸಂತೆಗೆ ಹೋಗೋಕಾಗಲಿಲ್ಲ ಗೊತ್ತಾ?"

"ಜ್ವರಕ್ಕೆ ಅದೆಲ್ಲ ಗೊತ್ತಾಗಲ್ಲ ಸಾರ್."

ಕಾರ್ಯದರ್ಶಿ ಅವಳನ್ನು ನೋಡಿದ. ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. "ಬಾಗಿಲ ಮೇಲೆ ಕೂತು ಹೊಳೆನೇ ದಾಟಿದೋಳು, ಒಂದು ಜ್ವರ ದಾಟಲ್ವಾ? ನಿಮ್ಮೋರದು ಗಟ್ಟಿ ಜೀವ." ಜೇಬಿಗೆ ಕೈ ಹಾಕಿ ತನ್ನ ಗಂಟಲಿಗೆಂದು ಇಟ್ಟುಕೊಂಡಿದ್ದ ಪೆಪ್ಪರಮೆಂಟು ತೆಗೆದ. ಎರಡೇ ಉಳಿದಿದ್ದವು. ಒಂದನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ತಗೋ. ಬಾಯಿಗೆ ಹಾಕು, ಹಾಯಾಗಿರುತ್ತೆ."

ಸೊಸೆ ಅದನ್ನು ಎಸೆಯಬೇಕೆಂದುಕೊಂಡಳು. ಎಸೆಯಲಿಲ್ಲ. ತಂದು ಅತ್ತೆಯ ಬಾಯಿಗೆ ಹಾಕಿದಳು. ಮುದುಕಿ ಅದನ್ನು ಚೀಪುತ್ತಾ, "ಸಿಹಿಯಾಗಿದೆ," ಎಂದಳು.

ಕತ್ತಲಾಗುವ ಮೊದಲು ತಕರಾರಜ್ಜಿ ಎದ್ದು ಬಂದಳು. ಯಾರನ್ನೂ ಕೇಳದೆ ಬಾಗಿಲಜ್ಜಿಯ ಬೆನ್ನಿಗೆ ತನ್ನ ಎದೆ ಆನಿಸಿ ಮಲಗಿ, ತನ್ನ ಸೆರಗನ್ನು ಇಬ್ಬರ ಮೇಲೂ ಎಳೆದುಕೊಂಡಳು. "ನನ್ನ ಬಾಗಿಲು ವಾಪಸ್ ಕೊಡೋವರೆಗೂ ಸಾಯಬೇಡ ಮುಂಡೆ," ಎಂದಳು. ಸೊಸೆ ಇಬ್ಬರ ಕಾಲನ್ನೂ ತಿಕ್ಕುತ್ತಾ ಕೂತಳು. ಬೆಳಕು ಹರಿಯುವ ಹೊತ್ತಿಗೆ ತಕರಾರಜ್ಜಿಯೇ ಎದ್ದು ಕೂತು, "ತಣ್ಣಗಾದಳು," ಎಂದಳು. ಸತ್ತವಳ ಕೂದಲನ್ನು ಬೆರಳಿನಿಂದ ಬಾಚಿ ಗಂಟು ಹಾಕಿದಳು.

ಸುದ್ದಿ ಕೇಳಿ ಕಾರ್ಯದರ್ಶಿ ಓಡಿ ಬಂದ. ಹೆಣ ನೋಡಿ ಮೆಟ್ಟಿಲ ಮೇಲೆ ಕುಸಿದು ತಲೆಗೆ ಕೈ ಹಚ್ಚಿದ. ಅವನ ಕಣ್ಣಲ್ಲಿ ನೀರು ಬಂತು, ಅದು ಸುಳ್ಳಾಗಿರಲಿಲ್ಲ. ಒರೆಸಿಕೊಂಡ. ಸುತ್ತ ನೋಡಿದ. ನೋಟ ತಕರಾರಜ್ಜಿಯ ಮೇಲೆ ಬಂದು ನಿಂತಿತು.

"ಉದ್ದ, ಒಂದು ಮಾತು. ತಪ್ಪು ತಿಳೀಬೇಡ." ದನಿ ತಗ್ಗಿಸಿದ. "ಅವರು ಆಗಲೇ ಹೊರಟು ಬಿಟ್ಟಿದಾರೆ. ಬಾಗಿಲಜ್ಜಿನ ನೋಡಬೇಕು ಅಂತಲೇ ಬರ್ತಿರೋದು. ಇಂಥ ಸುದ್ದಿ ಹೇಳಿದ್ರೆ ಅರ್ಧ ದಾರೀಲಿ ತಿರುಗಿಬಿಡ್ತಾರೆ. ಮುಂದಿನ ಲಾರಿ ಬರಲ್ಲ. ನಿಮ್ಮ ಮಕ್ಕಳಿಗೇ ನಷ್ಟ. ಅಮ್ಮನ್ನ ಸ್ವಲ್ಪ ಹೊತ್ತು ಹಿಂದೆ ಮಲಗ್ಸೋಣ. ಈ ಅಜ್ಜಿ ಕೂತ್ಕೊಳ್ಳಲಿ. ಪಟದಲ್ಲಿ ಮುಖ ಎಲ್ಲಿ ನೆಟ್ಟಗೆ ಕಾಣುತ್ತೆ? ಅವರು ಹೋದ ಮೇಲೆ ಮಣ್ಣು ಮಾಡೋ ಖರ್ಚೆಲ್ಲ ನನ್ನದು."

ಉದ್ದ ನೆಲ ನೋಡುತ್ತಿದ್ದ. ಸೊಸೆ ಹೇಳಿದಳು, "ನಮ್ಮತ್ತೆ ಜಾಗದಲ್ಲಿ ಯಾರೂ ಕೂರಲ್ಲ."

"ನಾನು ಕೂರ್ತೀನಿ," ಎಂದಳು ತಕರಾರಜ್ಜಿ.

ಸೊಸೆ ತಿರುಗಿ ನೋಡಿದಳು. "ರಾತ್ರಿಯೆಲ್ಲ ತಬ್ಬಿ ಮಲಗಿದ್ದೆಯಲ್ಲ, ಹಾದರಗಿತ್ತಿ. ನಿಂಗೂ ಪಟದ ಆಸೆನಾ?"

"ನನ್ನ ಬಾಗಿಲು, ನಾನು ಕೂರ್ತೀನಿ. ಅವಳ ಸೀರೆ ಕೊಡು."

ಸೊಸೆ ಅವಳ ಕಾಲ ಬಳಿ ಉಗಿದಳು. ಸೀರೆಯನ್ನು ಬೇರೆ ಹೆಂಗಸರು ಬಿಚ್ಚಿ ಕೊಟ್ಟರು. ಹೆಣಕ್ಕೆ ದಾನದ ಒಂದು ಲಂಗ ಉಡಿಸಿ, ಅಡುಗೆಮನೆಯ ಹಿಂದೆ ಸೌದೆ ರಾಶಿಯ ಪಕ್ಕ ಮಲಗಿಸಿ, ಮೇಲೆ ಗೋಣಿ ಹೊದಿಸಿದರು. "ಈಗಲಾದ್ರೂ ಒಂದು ಕಂಬಳಿ ಕೊಡಿ," ಎಂದ ಉದ್ದ.

"ಈಗ ಯಾಕೋ," ಎಂದ ಕಾರ್ಯದರ್ಶಿ. "ಬದುಕಿರೋರಿಗೆ ಆಗಲಿ."

ದಾನಿಗಳು ಎರಡು ಕಾರಿನಲ್ಲಿ ಬಂದರು. ಅವರಲ್ಲಿ ದೊಡ್ಡವಳು ಒಬ್ಬ ನಡುವಯಸ್ಸಿನ ಹೆಂಗಸು. ಹೊಸ ರಬ್ಬರ್ ಬೂಟು ಹಾಕಿದ್ದಳು, ಮೆಲ್ಲಗೆ ಮಾತಾಡುತ್ತಿದ್ದಳು. ಹಿಂದೆ ಕ್ಯಾಮೆರಾ ಹಿಡಿದವನು. ಕೋಣೆಯ ಬೀಗ ತೆಗೆದಿದ್ದರು. ಕಂಬಳಿಗಳು ಚಾವಣಿಯವರೆಗೂ ಕಾಣುತ್ತಿದ್ದವು. ತಕರಾರಜ್ಜಿ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಆ ಹೆಂಗಸು ಅವಳ ಮುಂದೆ ಮಂಡಿಯೂರಿದಳು. ಕೆಂಪು ಕಂಬಳಿಯೊಂದನ್ನು ಬಿಚ್ಚಿ ಹೆಗಲಿಗೆ ಹೊದಿಸಿ, ಕೈ ಹಿಡಿದುಕೊಂಡಳು. ಅವಳ ಕಣ್ಣೂ ತುಂಬಿತ್ತು.

"ಅಜ್ಜಿ, ನಿಮ್ಮ ಪಟ ನೋಡಿ ನಾನು ಅವತ್ತು ಊಟ ಮಾಡಲಿಲ್ಲ. ಈಗ ಹೇಗಿದೀರಾ?"

"ಸತ್ತೆ ಕಣಮ್ಮ," ಎಂದಳು ತಕರಾರಜ್ಜಿ.

"ಅಯ್ಯೋ, ಹಾಗೆಲ್ಲ ಅನ್ನಬಾರದು ಅಜ್ಜಿ."

"ಅನ್ನದೆ ಏನ್ಮಾಡಲಿ? ಇವತ್ತು ಬೆಳಗ್ಗೆ ಸತ್ತೆ. ನೀರಲ್ಲಿ ಸಾಯಲಿಲ್ಲ, ಇಲ್ಲಿಗೆ ಬಂದು ಸತ್ತೆ. ಜ್ವರ ಇತ್ತು. ಗುಳಿಗೆ ಆ ಕೋಣೇಲಿತ್ತು, ಕಂಬಳಿನೂ ಅಲ್ಲೇ ಇತ್ತು. ನೀವು ಬಂದು ನಿಮ್ಮ ಕೈಯಿಂದಲೇ ಕೊಡಬೇಕು ಅಂತ ಬೀಗ ಹಾಕಿದ್ರು. ನೀವು ತಡ ಮಾಡಿದ್ರಿ."

ಕಾರ್ಯದರ್ಶಿ ನಗಲು ನೋಡಿದ. "ನೀರಿನ ಭಯಕ್ಕೆ ತಲೆ ಸ್ವಲ್ಪ ಆಚೀಚೆ ಆಗಿದೆ ಮೇಡಮ್."

"ನನ್ನ ತಲೆ ನೆಟ್ಟಗಿದೆ," ಎಂದಳು ತಕರಾರಜ್ಜಿ. ಹೆಂಗಸಿನ ಕೈಯನ್ನು ಬಿಡಲಿಲ್ಲ. "ಬಾ ತೋರಿಸ್ತೀನಿ. ಸೌದೆ ಪಕ್ಕ ಮಲಗ್ಸಿದಾರೆ. ಅಲ್ಲಿ ನನ್ನ ಮುಖ ಇದಕ್ಕಿಂತ ಚೆನ್ನಾಗಿದೆ."

ಎದ್ದು ನಡೆದಳು. ಕೈ ಹಿಡಿದಿದ್ದರಿಂದ ಆ ಹೆಂಗಸೂ ನಡೆಯಬೇಕಾಯಿತು. ಹಿಂದೆ ಕ್ಯಾಮೆರಾದವನು, ಅವನ ಹಿಂದೆ ಇಡೀ ಸಾಲು. ಸೊಸೆ ಎಲ್ಲರಿಗಿಂತ ಮುಂದೆ ಓಡಿ ಗೋಣಿ ಸರಿಸಿದಳು. ತಕರಾರಜ್ಜಿ ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ಹೆಣದ ಮೇಲೆ ಹೊದಿಸಿ, ಕಾಲ ಬೆರಳು ಮುಚ್ಚುವ ಹಾಗೆ ಎಳೆದಳು. "ತಗೊಳ್ಳೇ. ಬಂತು ನಿನ್ನ ಕಂಬಳಿ."

ದಾನಿ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ "ಇದನ್ನ ತೆಗೀಬೇಡ," ಎಂದು ಕ್ಯಾಮೆರಾದವನಿಗೆ ಹೇಳಿದಳು. ಕಾರ್ಯದರ್ಶಿಯನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಏನೋ ಮಾತಾಡಿದಳು. ಸಾಲಿನವರನ್ನು ಯಾರೂ ಏನೂ ಕೇಳಲಿಲ್ಲ. ಕಾರುಗಳು ದಿಬ್ಬ ಇಳಿದು ಹೋದವು.

ಕಾರ್ಯದರ್ಶಿ ಕೋಣೆಗೆ ಮತ್ತೆ ಬೀಗ ಹಾಕಿದ. ಬೀಗದಕೈಯನ್ನು ಕೊರಳಿಗೆ ಹಾಕಿಕೊಂಡು ಸಾಲಿನವರತ್ತ ತಿರುಗಿದ.

"ಕೆಡಿಸಿದ್ರಲ್ಲ, ಎಲ್ಲಾ ಕೆಡಿಸಿದ್ರಲ್ಲ. ನಿಮ್ಮ ಬಾಯಿಗೆ ನೀವೇ ಮಣ್ಣು ಹಾಕ್ಕೊಂಡ್ರಿ. ನಿಮಗೋಸ್ಕರ ರಕ್ತ ಬಸೀತಿದೀನಿ, ನಾಯಿ ಜಾತಿಯೋರು ನನ್ನ ಕೈನೇ ಕಚ್ಚಿದ್ರಿ. ಹೋಗಿ, ಬೀದಿಗೆ ಹೋಗಿ. ಕೆಸರು ಮುಗಿಯೋವರೆಗೂ ಹಂಡೆ ಒಲೆ ಹತ್ತಲ್ಲ."

ಉದ್ದ ಗುದ್ದಲಿ ಹೆಗಲಿಗೇರಿಸಿಕೊಂಡ. ಗೋಡೆಗೊರಗಿದ್ದ ಬೇರೆ ಗುದ್ದಲಿಗಳನ್ನೂ ಗಂಡಸರು ಎತ್ತಿಕೊಂಡರು. ದಾರಿಗೆ ಬಂದರು ಎಂದುಕೊಂಡು ಕಾರ್ಯದರ್ಶಿ ಉಸಿರು ಬಿಟ್ಟ. ಆದರೆ ಉದ್ದ ದಿಬ್ಬ ಇಳಿಯಲಿಲ್ಲ. ಅಂಗಳದ ನಡುವೆ, ವೇದಿಕೆಯ ಮುಂದೆ ಹೋಗಿ ನಿಂತು, ಕಾಲಿನಿಂದ ನೆಲ ಒತ್ತಿ ನೋಡಿದ. ಮದುವೆ ಕೋಟು ಕಳಚಿ ಪಕ್ಕಕ್ಕಿಟ್ಟು ಅಗೆಯತೊಡಗಿದ.

"ಏಯ್, ಏನೋ ಅದು? ಶಾಲೆ ಕಣೋ ಇದು. ಮಸಣಕ್ಕೆ ತಗೊಂಡು ಹೋಗು."

"ಮಸಣದ ಮೇಲೆ ಇನ್ನೂ ಆಳುದ್ದ ನೀರಿದೆ ಸಾರ್," ಎಂದ ಉದ್ದ, ತಲೆಯೆತ್ತದೆ. "ಊರಲ್ಲಿ ಒಣಗಿರೋ ನೆಲ ಇದೊಂದೇ."

ಕೋಣೆಗಳಿಂದ ದೊಡ್ಡ ಬೀದಿಯವರು ಹೊರಗೆ ಬಂದರು. ಮಕ್ಕಳು ಆಡುವ ಜಾಗ ಎಂದರು ಒಬ್ಬರು. ನಾವು ಇಲ್ಲೇ ಮಲಗಬೇಕಲ್ಲ, ಎಂದರು ಇನ್ನೊಬ್ಬರು. ಯಾರೂ ಅಂಗಳಕ್ಕೆ ಇಳಿಯಲಿಲ್ಲ. ಸಾಲಿನ ಹೆಂಗಸರು ಹೆಣ ಹೊತ್ತು ತಂದು ಗುಂಡಿಯ ಬದಿಯಲ್ಲಿಟ್ಟು ಸುತ್ತ ಕೂತರು. ಸೊಸೆ ತಕರಾರಜ್ಜಿಯ ಪಕ್ಕ ಹೋಗಿ ಕೂತಳು. ತನ್ನ ಸೆರಗಿನಿಂದ ಅವಳ ಕಾಲಿನ ಕೆಸರು ಒರೆಸಿದಳು. ಮುದುಕಿ ಅವಳ ಕಡೆ ನೋಡಲೂ ಇಲ್ಲ. ಕಣ್ಣು ಗುಂಡಿಯ ಮೇಲಿತ್ತು.

"ಪೊಲೀಸರನ್ನ ಕರೀತೀನಿ," ಎಂದ ಕಾರ್ಯದರ್ಶಿ. ಗಂಟಲು ಪೂರ್ತಿ ಹೋಗಿತ್ತು. ಬರೀ ಗಾಳಿ ಬಂತು.

"ಕರೀರಿ," ಎಂದಳು ಸೊಸೆ.

ಅವನು ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತ. ಗುದ್ದಲಿಗಳು ನಿಲ್ಲಲಿಲ್ಲ. ಗುಂಡಿ ಮಂಡಿಯ ಮಟ್ಟ ಬಂತು, ತೊಡೆಯ ಮಟ್ಟ ಬಂತು. ತಕರಾರಜ್ಜಿ ಬಗ್ಗಿ ನೋಡಿ ಮೂಗು ಮುರಿದಳು.

"ಇಷ್ಟು ಇಕ್ಕಟ್ಟಾದ್ರೆ ಆಗಲ್ಲ ಕಣೋ. ಅವಳು ಕಾಲು ಮಡಚಿ ಮಲಗೋಳಲ್ಲ. ಇನ್ನೂ ಅಗಲ ತೆಗಿ."

ಉದ್ದ ಇನ್ನೊಂದು ಗೇಣು ಅಗಲಿಸಿದ.