ನೆಲ ತಪ್ಪಿದ ಸೊಸೆ

ಗೌನಿಪಲ್ಲಿಯ ಮುನಿಯಲ್ಲಮ್ಮನಿಗೆ ಇದ್ದದ್ದು ಎರಡೇ ಚಿಂತೆ. ಒಂದು ಮಾವಿನ ತೋಪು, ಇನ್ನೊಂದು ಮೊಮ್ಮಗು. ತೋಪಿಗಾದರೆ ಕಾವಲು ಕೂರಬಹುದು, ಕವಣೆ ಬೀಸಿ ಕೋತಿ ಓಡಿಸಬಹುದು. ಮೊಮ್ಮಗುವಿನ ವಿಷಯದಲ್ಲಿ ಕವಣೆ ಬೀಸುವುದು ಯಾರ ಮೇಲೆ? ಆದ್ದರಿಂದ ಆ ತಾಯಿ ಕೇಳುವ ಕೆಲಸವನ್ನಷ್ಟೇ ಇಟ್ಟುಕೊಂಡಿದ್ದಳು.

ಗಂಡ ತೀರಿಕೊಂಡ ಮೇಲೆ ತೋಪೆಲ್ಲ ಅವಳದೇ ಉಸ್ತುವಾರಿ. ಮಾವು ಹೂ ಬಿಟ್ಟಿತೆಂದರೆ ಗುಡಿಸಲು ಹಾಕಿಕೊಂಡು ಅಲ್ಲೇ ವಾಸ. ಅಮಾವಾಸ್ಯೆಗೊಮ್ಮೆ ಮಾತ್ರ ಮನೆಗೆ ಬಂದು, ದೇವರಿಗೆ ದೀಪ ಹಚ್ಚಿ, ಸೊಸೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳುತ್ತಿದ್ದಳು: “ಏಮೇ, ನೆಲ ತಪ್ಪಿಂದಾ?”

ಸೊಸೆ ಆದಿಲಕ್ಷ್ಮಿ ಟೇಕಲ್ ಕಡೆಯವಳು. ತವರಿನಲ್ಲಿ ಅಚ್ಚ ಕನ್ನಡ. ಮದುವೆಯಾಗಿ ಬಂದಾಗ ಅವಳ ಹತ್ತಿರ ಇದ್ದ ತೆಲುಗೆಂದರೆ ರಾ, ಪೋ, ತಿನು, ಅಷ್ಟೇ. ತೆಲುಗಿನಲ್ಲಿ ನೆಲ ಅಂದರೆ ತಿಂಗಳು. ಮುಟ್ಟು ನಿಂತಿತೇ, ಬಸುರಾದೆಯಾ ಎಂದು ಅತ್ತೆ ಕೇಳುತ್ತಿದ್ದದ್ದು. ಆದಿಲಕ್ಷ್ಮಿಗೆ ಕೇಳಿಸಿದ್ದು ಮಾತ್ರ ಕಾಲ ಕೆಳಗಿನ ಕನ್ನಡದ ನೆಲ. ಅಮಾವಾಸ್ಯೆಯ ದಿನ ಬೆಳಗಿನಿಂದ ಸಗಣಿ ಕಲಸಿ ಮನೆಯೆಲ್ಲ ಸಾರಿಸಿ ಸೊಂಟ ಹಿಡಿದು ನಿಂತವಳಿಗೆ, ಎಲ್ಲಾದರೂ ನೆಲ ತಪ್ಪಿ ಹೋಯಿತೇ ಎಂದು ಕೇಳಿದರೆ ಹೇಗಾಗಬೇಡ! “ಇಲ್ಲ ಅತ್ತೆ, ತಪ್ಪೇ ಇಲ್ಲ. ನಾನಿರೋ ತನಕ ತಪ್ಪೋದೂ ಇಲ್ಲ” ಎಂದು ಎದೆ ಸೆಟೆಸಿ ಹೇಳಿದಳು. ಮುನಿಯಲ್ಲಮ್ಮನ ಮುಖ ಬಾಡಿತು. ಈ ಮನೆಯಲ್ಲಿ ಎಷ್ಟು ಸಾರಿಸಿದರೂ ಹೆಸರಿಲ್ಲ ಅಂದುಕೊಂಡಳು ಸೊಸೆ. ಮುಂದಿನ ಅಮಾವಾಸ್ಯೆಗೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಬಾಡಿದ ಮುಖ.

ತಮಾಷೆಯೆಂದರೆ, ಆ ಎರಡು ತಿಂಗಳೂ ಅವಳು ನಿಜವಾಗಿಯೂ ಹೊರಗೆ ಕೂತಿರಲಿಲ್ಲ. ಊರಿನ ನೀರು ಬದಲಾಯಿತಲ್ಲ, ಮೈಗೆ ಒಗ್ಗಿಲ್ಲ ಅಂದುಕೊಂಡು ಸುಮ್ಮನಿದ್ದಳು. ಹೇಳಿಕೊಳ್ಳೋಣವೆಂದರೆ ಅಮ್ಮ ಟೇಕಲ್‌ನಲ್ಲಿ. ಗಂಡ ಕೋದಂಡರಾಮಪ್ಪನೋ ಹೆಂಡತಿ ಸೀರೆ ಒಣಗಹಾಕಿದರೂ ಆ ಕಡೆ ನೋಡದಷ್ಟು ನಾಚಿಕೆಯ ಮನುಷ್ಯ.

ಮೂರನೆಯ ಅಮಾವಾಸ್ಯೆಗೆ ಸಗಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೆಲ್ಲ ತೊಳಸಿ ಹಿತ್ತಲಿಗೆ ಓಡಿದಳು. ಹೇಗೋ ಮೂಗು ಮುಚ್ಚಿಕೊಂಡು ಸಾರಿಸಿದಳಾದರೂ ರಾಗಿ ತುಂಬಿಡುವ ವಾಡೆಯ ಹಿಂದಿನ ಮೂಲೆ ಹಾಗೇ ಉಳಿಯಿತು. ಅತ್ತೆ ಬಂದು ಎಂದಿನಂತೆ ಕೇಳಿದಾಗ ಆದಿಲಕ್ಷ್ಮಿಯ ಕಣ್ಣಲ್ಲಿ ನೀರು.

“ತಪ್ಪಿತು ಅತ್ತೆ. ಈ ಸಲ ತಪ್ಪೋಯ್ತು. ಬೈಬೇಡಿ.”

ಮುನಿಯಲ್ಲಮ್ಮ ಬೈಯಲಿಲ್ಲ. ಸೊಸೆಯ ಗಲ್ಲ ಹಿಡಿದು ನೆಟಿಕೆ ಮುರಿದಳು. ಬಾಯಿಗೆ ಬೆಲ್ಲ ತುರುಕಿದಳು. ಬೀದಿಗೆ ಹೋಗಿ ಕಂಡವರಿಗೆಲ್ಲ ಬೆಲ್ಲ ಹಂಚಿದಳು. ಒಂದು ಮೂಲೆ ಸಾರಿಸದೆ ಬಿಟ್ಟದ್ದಕ್ಕೆ ಊರೆಲ್ಲ ಸಿಹಿ ತಿನ್ನುವುದನ್ನು ನೋಡಿ ಆದಿಲಕ್ಷ್ಮಿ ಕಂಗಾಲಾದಳು. ಪಕ್ಕದ ಮನೆಯ ಆಂಜಿನಮ್ಮನಿಗೆ ಎರಡೂ ಭಾಷೆ ಬರುತ್ತಿತ್ತು.

“ಏನಕ್ಕಾ ಇದು? ವಾಡೆ ಹಿಂದೆ ಒಂಚೂರು ಸಾರಿಸ್ಲಿಲ್ಲ, ಅದಕ್ಕೆ ಇಷ್ಟೊಂದಾ?”

ಆಂಜಿನಮ್ಮ ಅರ್ಥ ಹೇಳುವ ಮೊದಲು ಹೊಟ್ಟೆ ಹಿಡಿದುಕೊಂಡು ಸಾಕಷ್ಟು ನಕ್ಕಳು. ಸಂಜೆಯೊಳಗೆ ಬಾವಿಕಟ್ಟೆಯೂ ನಕ್ಕಿತು. ಅಂದಿನಿಂದ ಅವಳು ಊರಿಗೆಲ್ಲ ನೆಲ ಸಾರಿಸುವ ಸೊಸೆ.

ಅರ್ಥ ತಿಳಿದ ಮೇಲೆ ಆದಿಲಕ್ಷ್ಮಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಭಯವೂ. ಅತ್ತೆಯ ಲೆಕ್ಕದಲ್ಲಿ ಒಂದು ತಿಂಗಳು, ನಿಜದಲ್ಲಿ ಮೂರು. ಹೇಳಿಬಿಡಬೇಕಿತ್ತು. ಆದರೆ ಹೇಳುವುದು ಹೇಗೆ? ಒಂದು ಸಲದ ನಗುವೇ ಇನ್ನೂ ನಿಂತಿಲ್ಲ. ಮೇಲಾಗಿ ಮುನಿಯಲ್ಲಮ್ಮ, “ನನ್ನ ಸೊಸೆ ಏನನ್ನೂ ಮುಚ್ಚಿಡೋಳಲ್ಲ” ಎಂದು ಬೀದಿಯಲ್ಲಿ ಸಾರಿಕೊಂಡು ಬಂದಿದ್ದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ಮಾವು ಕಾಯಿ ಕಚ್ಚಿತು, ಹಣ್ಣಾಯಿತು, ಗಾಡಿ ಏರಿ ಸಂತೆಗೂ ಹೋಯಿತು.

ಹೊಟ್ಟೆ ಸುಮ್ಮನಿರಬೇಕಲ್ಲ. ಅದು ತನ್ನ ಲೆಕ್ಕದ ಪ್ರಕಾರವೇ ಬೆಳೆಯಿತು. ತೋಪಿನಿಂದ ಮನೆಗೆ ಬಂದ ಮುನಿಯಲ್ಲಮ್ಮ ಅದನ್ನು ನೋಡಿ ಬೆರಗಾದಳು. ಇಷ್ಟು ಬೇಗ ಇಷ್ಟು ದೊಡ್ಡ ಹೊಟ್ಟೆಯೆಂದರೆ ಅವಳಿಗೆ ತೋಚಿದ್ದು ಒಂದೇ: ಅವಳಿ! ಅಂದೇ ಹಳೆಯ ಸೀರೆಗಳನ್ನು ಹರಡಿಕೊಂಡು ಮಗುವಿಗೆ ಬೊಂತೆ ಹೊಲಿಯಲು ಕೂತಳು, ಒಂದಲ್ಲ, ಎರಡು. ಯುದ್ಧದ ಕಾಲ, ಸೀಮೆಎಣ್ಣೆಗೆ ತತ್ವಾರ. ಹಗಲಿನಲ್ಲೇ ಜಗಲಿಯ ಮೇಲೆ ಕಾಲು ಚಾಚಿ, ಸೂಜಿಗೆ ದಾರ ಪೋಣಿಸಲು ಹೋಗಿಬರುವವರನ್ನೆಲ್ಲ ಕರೆದು, ಕರೆದವರಿಗೆಲ್ಲ ಅವಳಿಯ ಸುದ್ದಿ ಹೇಳಿ ಹೊಲಿದಳು. ಕೋದಂಡರಾಮಪ್ಪ ಕಣ್ಣು ಪಿಳಿಪಿಳಿ ಬಿಡುತ್ತಾ ಓಡಾಡಿದ.

ಆದಿಲಕ್ಷ್ಮಿ ಒಳಗೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. ಮಗು ಒದ್ದರೆ ಯಾವ ಭಾಷೆಯಲ್ಲಿ ಗದರಬೇಕೋ ತಿಳಿಯದೆ ಎರಡರಲ್ಲೂ ಗದರುತ್ತಿದ್ದಳು. ಅವಳಿಗೆ ಅಮ್ಮ ಬೇಕಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಮಡಿಲು ತುಂಬಿಸಿ ಕಳಿಸುವುದು ರೂಢಿ. ಎಂಟರಲ್ಲಿ ಬಸುರಿ ಊರ ಗಡಿ ದಾಟುವಂತಿಲ್ಲ. ಅತ್ತೆಯ ಏಳನೆಯ ತಿಂಗಳೆಂದರೆ ಇವಳ ಒಂಬತ್ತು. ಆಗ ಶ್ರೀನಿವಾಸಪುರದವರೆಗೆ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು, ಸಣ್ಣ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ಇಳಿದು ದೊಡ್ಡ ರೈಲಿಗೆ ಕಾಯುವಷ್ಟರಲ್ಲಿ ಮಗು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತದೋ ಬಲ್ಲವರಾರು!

ಶ್ರಾವಣದಲ್ಲಿ ಅವಳ ಅಪ್ಪ ಚನ್ನರಾಯಪ್ಪ ಬಂದ. ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, ಮಗಳನ್ನು ಕರೆದುಕೊಂಡು ಹೋಗುವುದು ಯಾವಾಗ ಎಂದು ಬೀಗಿತ್ತಿಯನ್ನು ಕೇಳಿದ. ಮುನಿಯಲ್ಲಮ್ಮ ಅಂಗೈ ಅಗಲಿಸಿ ಐದು ಬೆರಳು ತೋರಿಸಿದಳು. “ಐದೋ ನೆಲ” ಎಂದಳು. ಇನ್ನೆರಡು ತಿಂಗಳು ಬಿಟ್ಟು ಬನ್ನಿ ಎಂದು ಕೈಸನ್ನೆಯಲ್ಲೇ ಹೇಳಿದಳು. ಬೆರಳು ಯಾವ ಭಾಷೆಯವರಿಗೂ ಅರ್ಥವಾಗುತ್ತದೆ.

“ಆಗ್ಲಿ ಬಿಡಿ. ಹಾಗಾದ್ರೆ ನಾನಿನ್ನು ಹೊರಡ್ತೀನಿ” ಎಂದು ಅಪ್ಪ ಕೊಡೆ ಎತ್ತಿಕೊಂಡ. ಒಳಗಿನಿಂದ ನೋಡುತ್ತಿದ್ದ ಆದಿಲಕ್ಷ್ಮಿಗೆ ಅಪ್ಪ ಚಪ್ಪಲಿ ಮೆಟ್ಟುವುದು ಕಂಡಿತು. ಈ ಚಪ್ಪಲಿ ಜಗಲಿಯಿಂದ ಆಚೆ ಹೋದರೆ ಅಮ್ಮ ಸಿಗುವುದಿಲ್ಲ. ಮುದ್ದೆ ತಿರುವುತ್ತಿದ್ದ ಕೋಲು ಕೈಯಲ್ಲಿ ಹಿಡಿದೇ ಜಗಲಿಗೆ ಬಂದುಬಿಟ್ಟಳು. ಗಂಡನೂ ಅಪ್ಪನೂ ಇದ್ದಾರೆಂಬುದು ಮರೆತೇಹೋಯಿತು.

“ಐದು ಕಾದತ್ತಾ! ಏಡು! ರೆಂಡು ನೆಲಲು ನೇನು... ನೇನು...” ಮುಚ್ಚಿಟ್ಟದ್ದಕ್ಕೆ ತೆಲುಗಿನಲ್ಲಿ ಏನನ್ನಬೇಕೋ ಹೊಳೆಯಲಿಲ್ಲ. “ನೇನು ಸಾರಿಸೇಸಿನಾ!”

ಐದಲ್ಲ, ಏಳು, ಎರಡು ತಿಂಗಳನ್ನು ನಾನೇ ಸಾರಿಸಿಬಿಟ್ಟೆ! ಕೋದಂಡರಾಮಪ್ಪ ಕಂಬದ ಮರೆಗೆ ಸರಿದ. ಪಕ್ಕದ ಮನೆಯಿಂದ ಆಂಜಿನಮ್ಮನ ನಗು ಕೇಳಿತು. ಮುನಿಯಲ್ಲಮ್ಮ ಮಾತ್ರ ನಗಲಿಲ್ಲ. ಸೊಸೆಯ ಮುಖ ನೋಡಿದಳು, ಹೊಟ್ಟೆ ನೋಡಿದಳು, ತಾನು ಹೊಲಿದಿಟ್ಟ ಎರಡು ಬೊಂತೆಗಳನ್ನು ನೋಡಿದಳು. ಎರಡು ಅಮಾವಾಸ್ಯೆ ತಾನು ಕೇಳಿದ್ದು, ಇವಳು ಎದೆ ಸೆಟೆಸಿ ಹೇಳಿದ್ದು, ಒಂದೊಂದಾಗಿ ನೆನಪಿಗೆ ಬಂದಿರಬೇಕು.

“ಹಾಗಾದರೆ ನನ್ನ ಎರಡನೇ ಮೊಮ್ಮಗು ಎಲ್ಲೇ?” ಎಂದು ತೆಲುಗಿನಲ್ಲಿ ಗೋಳಾಡಿ ಹಣೆ ಚಚ್ಚಿಕೊಂಡಳು. ಊರಿಗೆಲ್ಲ ಅವಳಿ ಎಂದು ಹೇಳಿ ಬಂದವಳ ಕಷ್ಟ ಅವಳಿಗೇ ಗೊತ್ತು. ಆಮೇಲೆ ಸೊಸೆಯ ಕೈಯಿಂದ ಕೋಲು ಕಿತ್ತುಕೊಂಡು, ಅವಳ ಕಣ್ಣನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಇಷ್ಟು ದಿನ ಒಬ್ಬಳೇ ಹೆದರಿಕೊಂಡು ಇದ್ದೆಯಾ, ಹುಚ್ಚಿ, ಎಂದಳು. ಈ ಮಾತು ಆದಿಲಕ್ಷ್ಮಿಗೆ ಒಂದಕ್ಷರವೂ ತಪ್ಪದೆ ಅರ್ಥವಾಯಿತು.

ಚನ್ನರಾಯಪ್ಪನ ಚಪ್ಪಲಿ ಬಿಚ್ಚಿಸಿದರು. ಮರುದಿನ ಹಸಿರು ಬಳೆ ತೊಡಿಸಿ ಮಡಿಲು ತುಂಬಿಸಿದರು. ಗಾಡಿಯಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ಜಮಖಾನ ಹಾಸಿ, ಎತ್ತುಗಳನ್ನು ಓಡಿಸಿದರೆ ಕವಣೆ ಬೀಸುತ್ತೇನೆಂದು ಮುನಿಯಲ್ಲಮ್ಮ ಮಗನಿಗೆ ಎಚ್ಚರಿಕೆ ಕೊಟ್ಟಳು. ಒಂದು ಬೊಂತೆಯನ್ನು ಮಡಿಸಿ ಸೊಸೆಯ ತೊಡೆಯ ಮೇಲಿಟ್ಟಳು. ಇನ್ನೊಂದು ಅವಳ ಕಂಕುಳಲ್ಲೇ ಉಳಿಯಿತು.

ಬಾಣಂತನ ಮುಗಿಸಿ ಐದನೆಯ ತಿಂಗಳಿಗೆ ಮಗುವನ್ನು ಕರೆದುಕೊಂಡು ಬಂದುಬಿಡಬೇಕು, ಹೇಳಿದ ತಿಂಗಳು ಮೀರಬಾರದು ಎಂದು ಮೂರು ಮೂರು ಸಲ ಹೇಳಿದಳು. ಗಾಡಿ ಕದಲಿತು. ಆದಿಲಕ್ಷ್ಮಿ ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತ ಅತ್ತೆ, ಅವಳ ಹಿಂದೆ ತಾನು ದಿನವೂ ಸಾರಿಸಿದ ನೆಲ. ಅಮ್ಮನ ಮನೆಗೆ ಹೊರಟವಳಿಗೆ ಈ ಮನೆ ಬಿಟ್ಟು ಹೋಗಲು ಅಳು ಬರುತ್ತದೆಂದು ಅವಳು ಎಣಿಸಿರಲಿಲ್ಲ.

“ಬರ್ತೀನತ್ತಾ!” ಎಂದು ಕೂಗಿದಳು. “ಇನ್ಮೇಲೆ ಯಾವತ್ತೂ ನೆಲ ತಪ್ಪಲ್ಲ!”

ಮುನಿಯಲ್ಲಮ್ಮನಿಗೆ ಕೇಳಿಸಿದ್ದು ತೆಲುಗಿನ ನೆಲ. ಕಂಕುಳಲ್ಲಿದ್ದ ಬೊಂತೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಗಾಡಿಯ ಹಿಂದೆ ಓಡಿದಳು.

“ಅಯ್ಯೋ, ಹಾಗೆ ಮಾತ್ರ ಅನ್ನಬೇಡ್ವೇ! ಮತ್ತೆ ಈ ಬೊಂತೆ ಯಾರಿಗೇ?”