ಬಾರ್ಜಿಗೆ ದಾರಿ ಬಿಡಿ

“ಏ ಮುದುಕಿ, ಸರಸ ನಿನ್ನ ಬುಟ್ಟಿ! ಹೊಳಿ ಏನ ನಿಮ್ಮಪ್ಪ ಬರದ ಕೊಟ್ಟಾನನ? ಹಲ್ಕಟ್ ರಂಡೇರು, ಮುಂಜಾನೆದ್ದ ಅಡ್ಡ ಬರತಾವು!”

ಬಾರ್ಜಿನ ಕಂಬಿ ಹಿಡಿದು ಅದರ ಆಳು ಅಂಜಿನಪ್ಪ ಮೇಲಿನಿಂದ ಬೈಯುತ್ತಿದ್ದ. ಬುಟ್ಟಿ ಎಂದು ಅವನು ಕರೆದದ್ದು ನಮ್ಮನ್ನು ಹೊಳೆ ದಾಟಿಸುವ ಜೈತೂನಬಿಯ ತೆಪ್ಪವನ್ನು. ಅದರಲ್ಲಿ ನಾವು ಎಂಟು ಹೆಂಗಸರು ಮೊಣಕಾಲು ಮಡಚಿ ಕೂತಿದ್ದೆವು. ಆಚೆ ದಂಡೆಯ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೂಲಿ ನಮ್ಮದು. ಬಿಡಿಸಿದ್ದನ್ನು ಚೀಲಕ್ಕೆ ತುಂಬಲು ನನ್ನ ಮಾವ ಕೊಟ್ರಪ್ಪನೂ ತೆಪ್ಪದಲ್ಲಿ ಜೊತೆಗಿದ್ದ.

ಸರಿಯಲು ಜೈತೂನಬಿಗೆ ಮನಸ್ಸಿತ್ತು, ಜಾಗವಿರಲಿಲ್ಲ. ಸಂಕ್ರಾಂತಿ ಕಳೆದರೆ ನಮ್ಮೂರ ಮುಂದಿನ ತುಂಗಭದ್ರೆ ಎರಡು ಮರಳು ದಿಬ್ಬಗಳ ನಡುವೆ ಆರೇಳು ಚಕ್ಕಡಿ ಸಾಲಾಗಿ ಹೋಗುವಷ್ಟು ಅಗಲಕ್ಕೆ ಇಳಿಯುತ್ತದೆ. ದಸರೆಯಿಂದ ಗುತ್ತಿಗೆದಾರ ರುದ್ರಮುನಿಯ ಬಾರ್ಜು ಆ ಸೆಳವಿನ ಮುಕ್ಕಾಲು ಭಾಗ ತುಂಬಿಕೊಂಡು ಓಡಾಡುತ್ತಿತ್ತು. ದಂಡೆಯ ಮೇಲೆ ‘ಹೂಳೆತ್ತುವ ಕಾಮಗಾರಿ’ ಎಂದು ಬೋರ್ಡು ನಿಲ್ಲಿಸಿದ್ದರು. ಹೊಳೆಯಿಂದ ಮೇಲೇಳುವಾಗ ಹೂಳಾಗಿದ್ದದ್ದು ಲಾರಿ ಹತ್ತಿದೊಡನೆ ಮರಳಾಗುತ್ತಿತ್ತು.

“ಯಪ್ಪಾ, ಒಂಚೂರು ನಿಂದರಸೋ! ಇತ್ಲಾಗ ದಿಬ್ಬ ಐತಿ, ಎಲ್ಲಿ ಸರಸಲಿ?” ಜೈತೂನಬಿ ಕೂಗಿದಳು.

“ಲೋಡ್ ಐತಿ ಲೋಡ್! ನೀನ ಸರೀಬೇಕು!”

ಕಬ್ಬಿಣದ ಮೂತಿ ತೆಪ್ಪದ ಅಂಚಿಗೆ ತಾಗಿತು. ಜೋರಾಗಿ ಬಡಿಯಲೂ ಇಲ್ಲ, ಮೈ ಕೊಡವಿಕೊಂಡಂತೆ ತಾಗಿತು, ಅಷ್ಟೆ. ತೆಪ್ಪ ಬೋರಲಾಯಿತು. ನನ್ನ ಕೈಗೆ ದಿಬ್ಬದ ಆಪು ಹುಲ್ಲು ಸಿಕ್ಕಿತು. ಉಳಿದವರು ಒಬ್ಬರ ಸೀರೆ ಇನ್ನೊಬ್ಬರು ಹಿಡಿದು ಮೇಲೆ ಬಂದರು. ಮುತ್ತವ್ವ ಮಾತ್ರ ಬಾರ್ಜು ತೋಡಿದ ಗುಂಡಿಯ ಕಡೆಗೆ ಜಾರುತ್ತಿದ್ದಳು. ದಿಬ್ಬ ಮುಟ್ಟಿದ್ದ ಮಾವ ಮತ್ತೆ ನೀರಿಗೆ ಧುಮುಕಿದ. ಮುತ್ತವ್ವನನ್ನು ನಮ್ಮತ್ತ ನೂಕಿದ. ಅವಳ ಕೈ ನನಗೆ ಸಿಕ್ಕಿತು, ಮಾವ ಸಿಗಲಿಲ್ಲ. ಬಾರ್ಜಿನ ಹಿಂದೆ ನೀರು ಸ್ವಲ್ಪ ಹೊತ್ತು ಕೆಂಪಗಿದ್ದು, ಆಮೇಲೆ ಎಂದಿನ ಬಣ್ಣಕ್ಕೆ ಬಂತು.

ಮೂರನೆಯ ದಿನ ಗಳಗನಾಥದ ಸಂಗಮದಲ್ಲಿ ಬಟ್ಟೆ ಒಗೆಯಲು ಹೋದವರಿಗೆ ಮಾವ ಸಿಕ್ಕ. ಬಲಗಾಲು ಸಿಗಲಿಲ್ಲ.

ವಿಚಾರಣೆಗೆ ಹಾವೇರಿಯಿಂದ ಸಾಹೇಬರು ಬಂದರು. ದಂಡೆಯಲ್ಲಿ ಕುರ್ಚಿ ಹಾಕಿ ಕೊಡೆ ಹಿಡಿದರು. ರುದ್ರಮುನಿ ತಾನೇ ಎಳನೀರು ಕೊಚ್ಚಿ ಕೊಟ್ಟ. ಸಾಹೇಬರು ಕುಡಿದು ಮುಗಿಸುವವರೆಗೂ ನಾವು ಬಿಸಿಲಲ್ಲಿ ನಿಂತಿದ್ದೆವು.

“ತೆಪ್ಪಕ್ಕ ಹಾರ್ನ್ ಐತೇನು?”

“ಬಾಯಿ ಐತ್ರಿ,” ಅಂದಳು ಜೈತೂನಬಿ.

“ಹಿಂದ ಕೆಂಪ ಲೈಟ್?”

“ತೆಪ್ಪಕ್ಕ ಹಿಂದ ಮುಂದ ಇರೂದಿಲ್ರಿ ಸಾಹೇಬರ. ದುಂಡಗ ಇರತೈತಿ.”

ಸಾಹೇಬರು ಗುಮಾಸ್ತನತ್ತ ತಿರುಗಿದರು. “ಹಿಂಭಾಗವೇ ಇರುವುದಿಲ್ಲ ಅಂತ ಬರ್ಕೊ.” ನಂತರ ನನ್ನನ್ನು ಕರೆದರು. “ಸತ್ತಾಂವ ನಿಮ್ಮ ಮಾವ ಏನವಾ? ಈಸ ಬರತಿತ್ತೇನು?”

“ಬರತಿತ್ರಿ. ಹೊಳ್ಯಾಗ ಆಡಿ ಬೆಳದಾಂವರಿ. ಬಾರ್ಜಿನ ಪಂಕದಾಗ ಸಿಕ್ಕನ್ರಿ.”

“ಅಂದ್ರ, ಈಸ ಬಂದರೂ ಈಸಲಿಲ್ಲ. ಬರ್ಕೊ.”

ಗುಮಾಸ್ತ ಬರೆದುಕೊಂಡ. ಮುತ್ತವ್ವ ತಡೆದುಕೊಳ್ಳಲಿಲ್ಲ. “ಏ, ನಿಮ್ಮ ಬಾಯಾಗ ಮಣ್ಣ ಹಾಕ! ನನ್ನ ಉಳಸಾಕ ಹೋಗಿ ಸತ್ತಾನಲೇ ಅಂವ! ಅದನ್ನ ಬರ್ಕೊಳ್ರಿ!”

“ಮುತ್ತವ್ವಾ, ಸಾಹೇಬರ ಮುಂದ ಬಾಯಿ ಸಡಲ ಬಿಡಬ್ಯಾಡ,” ರುದ್ರಮುನಿ ಸಮಾಧಾನದ ದನಿ ತೆಗೆದ. “ನನಗೇನ ನುಕ್ಸಾನ ಆಗಿಲ್ಲೇನು? ಹೋಗಿ ನೋಡ, ಬಾರ್ಜಿನ ಬಣ್ಣ ಕಿತ್ತೈತಿ. ಮೊನ್ನೆ ಹಚ್ಚಿಸಿದ್ದು.”

ಸಾಹೇಬರು ಎದ್ದು ಹೋಗಿ ಬಣ್ಣ ನೋಡಿದರು. ಗೀರಿನ ಮೇಲೆ ಬೆರಳಾಡಿಸಿ “ಛೇ” ಅಂದರು. ದಂಡೆಯಲ್ಲಿ ಬಿದಿರು ಮುರಿದುಕೊಂಡು ಬಿದ್ದಿದ್ದ ತೆಪ್ಪವನ್ನು ದಾಟಿಯೇ ಜೀಪು ಹತ್ತಿದರು.

ವಾರಕ್ಕೆ ಆದೇಶ ಬಂತು. ಪಿಯುಸಿ ಓದಿದವಳೆಂದು ಅದನ್ನು ನನ್ನ ಕೈಯಲ್ಲೇ ಓದಿಸಿದರು. ‘ಸಾರ್ವಜನಿಕರ ಪ್ರಾಣರಕ್ಷಣೆಯ ಹಿತದೃಷ್ಟಿಯಿಂದ ಬೆಳಗಿನ ಆರರಿಂದ ಸಂಜೆ ಆರರವರೆಗೆ ಸದರಿ ಸೆಳವಿನಲ್ಲಿ ತೆಪ್ಪಗಳು ಇಳಿಯತಕ್ಕದ್ದಲ್ಲ.’ ಬಾರ್ಜಿನ ಬಗ್ಗೆ ಹುಡುಕಿದೆ. ಅದರ ಹೆಸರೇ ಇರಲಿಲ್ಲ.

“ಹಂಗಾರ ನಾವು ಹೊಲಕ್ಕ ಹೋಗೂದ ಹ್ಯಾಂಗ?” ಮುತ್ತವ್ವ ನನ್ನನ್ನೇ ಕೇಳಿದಳು, ಆದೇಶ ನಾನೇ ಹೊರಡಿಸಿದ ಹಾಗೆ.

ಗುತ್ತಲಕ್ಕೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸೇತುವೆ ದಾಟಿ, ಉಳಿದದ್ದು ನಡೆದೆವು. ಮುಟ್ಟುವಷ್ಟರಲ್ಲಿ ನೆತ್ತಿಯ ಮೇಲೆ ಹೊತ್ತು. ಹೊಲದವ ಬದುವಿನ ಮೇಲೆಯೇ ನಿಲ್ಲಿಸಿ, “ಊಟದ ಹೊತ್ತಿಗೆ ಬರ್ತೀರಿ, ಬೀಗರೇನು ನೀವು?” ಎಂದು ವಾಪಸು ಕಳಿಸಿದ. ಎರಡನೆಯ ದಿನವೂ ಅದೇ ಆಯಿತು. ಮೂರನೆಯ ದಿನ ಆ ಹೊಲದಲ್ಲಿ ಬೇರೆ ಊರಿನ ಹೆಂಗಸರಿದ್ದರು. ಹೊಳೆಯಾಚೆ ಮೆಣಸಿನ ಕೆಂಪು ಹಣ್ಣು ನಮ್ಮ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಜೈತೂನಬಿಯ ಬಳಗದವರ ಆರು ತೆಪ್ಪಗಳೂ ದಂಡೆಯಲ್ಲಿ ಬೋರಲು ಬಿದ್ದವು. ಅವುಗಳ ನೆರಳಿನಲ್ಲಿ ನಾಯಿಗಳು ಮಲಗತೊಡಗಿದವು.

ಅಷ್ಟರಲ್ಲಿ ನಮ್ಮೂರಿಗೆ ಜಲ ಸುರಕ್ಷತಾ ಸಪ್ತಾಹ ಬಂತು.

ದಂಡೆಯಲ್ಲಿ ಪೆಂಡಾಲು ಎದ್ದಿತು. ಖರ್ಚೆಲ್ಲ ರುದ್ರಮುನಿಯದು, ಬ್ಯಾನರಿನಲ್ಲಿ ಅವನ ಫೋಟೋ ಹೊಳೆಗಿಂತ ಅಗಲವಾಗಿತ್ತು. ನಮಗೆಲ್ಲ ಜೀವ ಉಳಿಸುವ ಜಾಕೀಟು ಕೊಡುತ್ತಾರೆಂದು ಡಂಗುರ ಸಾರಿದ್ದರು. ಹನ್ನೆರಡು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದರು. ನನಗೆ ತೊಡಿಸಿದವನು ರುದ್ರಮುನಿಯೇ. “ನಗಬೇಕವಾ, ಫೋಟೋ,” ಅಂದ. ಫೋಟೋದವನು ಕ್ಲಿಕ್ಕಿಸಿದ.

ಸಾಹೇಬರು ಭಾಷಣ ಮಾಡಿದರು. “ನದಿ ಎಲ್ಲರ ಸೊತ್ತು. ದೊಡ್ಡ ಹಡಗಿಗೆ ದಾರಿ ಬೇಕು, ಸಣ್ಣ ದೋಣಿಗೆ ತಾಳ್ಮೆ ಬೇಕು. ಎರಡೂ ಕೂಡಿದಾಗಲೇ ಅಭಿವೃದ್ಧಿ.” ಬಳಿಕ ದಿವಂಗತ ಕೊಟ್ರಪ್ಪನವರ ಆತ್ಮಶಾಂತಿಗೆ ಒಂದು ನಿಮಿಷ ಮೌನವೆಂದರು. ಎಲ್ಲರೂ ತಲೆ ತಗ್ಗಿಸಿದೆವು. ಬಾರ್ಜಿಗೆ ಯಾರೂ ಹೇಳಿರಲಿಲ್ಲವೇನೋ, ಹೊಳೆಯಲ್ಲಿ ಅದು ಉದ್ದಕ್ಕೂ ಹಾರ್ನು ಬಾರಿಸಿತು. ಸಾಹೇಬರು ಅರ್ಧ ನಿಮಿಷಕ್ಕೇ ಕೂತುಬಿಟ್ಟರು.

ಉಪ್ಪಿಟ್ಟು ಮುಗಿದ ಮೇಲೆ ರುದ್ರಮುನಿಯ ಆಳು ಚೀಲ ಬಿಚ್ಚಿಕೊಂಡು ನಮ್ಮ ಮುಂದೆ ಬಂದ. “ಜಾಕೀಟ ಬಿಚ್ಚಿ ಹಾಕ್ರಿ ಇದರಾಗ. ಲಗೂ. ಮುಂದಿನೂರಾಗೂ ಕಾರ್ಯಕ್ರಮ ಐತಿ.”

“ಕೊಟ್ಟಿದ್ದಲ್ಲೇನೋ ಇದು?” ಜೈತೂನಬಿ ಕೇಳಿದಳು.

“ಫೋಟೋಕ್ಕ ಕೊಟ್ಟಿದ್ದಬೇ.”

ಜೈತೂನಬಿ ಅವನನ್ನು ನೋಡಿದಳು. ಹೊಳೆಯ ಕಡೆಗೂ ನೋಡಿದಳು. ತುಂಬಿದ ಬಾರ್ಜು ಮೇಲಿನ ತಿರುವಿನಲ್ಲಿ ಕಾಣಿಸಿಕೊಂಡಿತ್ತು. ಬಿಚ್ಚಲೆಂದು ಪಟ್ಟಿಗೆ ಹೋದ ಅವಳ ಕೈ ಅದನ್ನು ಇನ್ನಷ್ಟು ಬಿಗಿಯಿತು. ದಂಡೆಗಿಳಿದಳು. ನಾಯಿಯನ್ನು ಓಡಿಸಿ, ಒಂದು ತೆಪ್ಪ ಅಂಗಾತ ಮಾಡಿದಳು.

“ಮಹೇಶ್ವರೀ, ಆ ಕಡಿ ಹಿಡಿಬಾ,” ಅಂದಳು.

ನಾನು ಹಿಡಿದೆ. ಯಾಕೆಂದು ಕೇಳಬೇಕೆನಿಸಲಿಲ್ಲ. ಮುತ್ತವ್ವ ಬುತ್ತಿಯ ಗಂಟು ಬಗಲಿಗಿಟ್ಟುಕೊಂಡು ಬಂದಳು. ಉಳಿದವರೂ ಬಂದರು. ಆರೂ ತೆಪ್ಪ ನೀರಿಗಿಳಿದವು. ಜೈತೂನಬಿ ಒಂದಕ್ಕೊಂದು ಹಗ್ಗ ಬಿಗಿದು, ಈ ದಿಬ್ಬದ ಜಾಲಿ ಬೊಡ್ಡೆಗೊಂದು ತುದಿ, ಆ ದಿಬ್ಬದಲ್ಲಿ ನೆಟ್ಟ ಗಳಕ್ಕೊಂದು ತುದಿ ಕಟ್ಟಿಸಿದಳು. ಸೆಳವಿಗೆ ಅಡ್ಡಲಾಗಿ ನಾವು ಹನ್ನೆರಡು ಜನ ಸಾಲಾಗಿ ಕೂತೆವು.

“ಏ! ಜಾಕೀಟು ಸರಕಾರದ್ದು!” ಸಾಹೇಬರು ಪೆಂಡಾಲಿನಿಂದ ಓಡಿಬರುತ್ತ ಕಿರುಚಿದರು. “ಅವನ್ನ ಕೊಟ್ಟು ಹೋಗ್ರಿ!”

ರುದ್ರಮುನಿ ಬ್ಯಾನರಿನ ಕೆಳಗೆ ನಿಂತು ಫೋನಿನಲ್ಲಿ ಯಾರಿಗೋ ಕೂಗುತ್ತಿದ್ದ. “ನಿಂದರಸಲೇ ಸೂಳೆಮಗನ! ಫೋಟೋದಾಂವ ಇನ್ನೂ ಇಲ್ಲೇ ಅದಾನ!”

ಬಾರ್ಜಿನ ಹಾರ್ನು ಬಿಟ್ಟುಬಿಟ್ಟು ಕೂಗಿತು, ನಂತರ ಬಿಡದೆ ಕೂಗಿತು. ಕಂಬಿ ಹಿಡಿದು ಅಂಜಿನಪ್ಪ ಕೈಯಾಡಿಸುತ್ತಿದ್ದ. ಅವನ ಬಾಯಿ ಆಡುವುದು ಕಾಣುತ್ತಿತ್ತು, ಬೈಗುಳವೋ ಬೇಡಿಕೆಯೋ ಕೇಳಿಸಲಿಲ್ಲ. ಬಾರ್ಜಿಗಿಂತ ಮೊದಲು ಅದರ ತೆರೆ ಬಂದು ಮುಟ್ಟಿತು. ಆರು ತೆಪ್ಪಗಳೂ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು. ಜೈತೂನಬಿ ಹುಟ್ಟನ್ನು ನೀರಿನಿಂದೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

ಮುತ್ತವ್ವ ಗಂಟು ಬಿಚ್ಚಿ ಎಲ್ಲರ ಕೈಗೂ ಒಂದೊಂದು ರೊಟ್ಟಿ, ಒಂದೊಂದು ಚಿಟಿಕೆ ಕೆಂಪು ಚಟ್ನಿ ಹಾಕಿದಳು.

ಕಬ್ಬಿಣದ ಮೂತಿಯ ನೆರಳು ಬಂದು ರೊಟ್ಟಿಗಳ ಮೇಲೆ ಬಿತ್ತು.

“ಉಣ್ರಿ,” ಅಂದಳು ಮುತ್ತವ್ವ.